ಓದುಗರ ಪ್ರಶ್ನೆ: ಹನ್ನೆರಡು ದಿನ ನಡೆಯುತ್ತಿದ್ದ ಬ್ಯಾಂಡ್ ಎರಡೇ ದಿನಕ್ಕೆ ನಿಲ್ಲುವುದೇಕೆ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಬೆಳಗಿನ ನಡಿಗೆಯ ಲೆಕ್ಕ ಇಡಲೆಂದು ಮಗಳು ಹದಿನಾಲ್ಕು ತಿಂಗಳ ಹಿಂದೆ ಫಿಟ್‌ನೆಸ್ ಬ್ಯಾಂಡ್ ಒಂದನ್ನು ಕೊಡಿಸಿದ್ದಳು. ಒಮ್ಮೆ ಚಾರ್ಜ್ ಮಾಡಿದರೆ ಹನ್ನೆರಡು ದಿನ ಯೋಚನೆಯೇ ಇರುತ್ತಿರಲಿಲ್ಲ. ಕಳೆದ ತಿಂಗಳು ಬ್ಯಾಂಡಿನ ಸಾಫ್ಟ್‌ವೇರ್ ಅಪ್‌ಡೇಟ್ ಆಯಿತು. ಅದೇ ವಾರ ನಾನು ಹೊಸ ಫೋನನ್ನೂ ಕೊಂಡೆ. ಅಂದಿನಿಂದ ಎರಡೇ ದಿನಕ್ಕೆ ಚಾರ್ಜ್ ಮುಗಿಯುತ್ತಿದೆ. ‘ಬ್ಯಾಟರಿ ಸತ್ತಿದೆ, ಇದರಲ್ಲಿ ಬದಲಿಸಲು ಬರುವುದಿಲ್ಲ, ಹೊಸದು ತೆಗೆದುಕೊಳ್ಳಿ’ ಎಂದು ಅಂಗಡಿಯವರು ಹೇಳುತ್ತಾರೆ. ಈ ಮಾತನ್ನು ನಂಬಬಹುದೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಹೊಸ ಬ್ಯಾಂಡಿಗೆ ಹಣ ಕೊಡುವ ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ಲಿಥಿಯಂ ಬ್ಯಾಟರಿಯ ಸಾಮರ್ಥ್ಯ ಬಳಕೆಯಿಂದ ಕುಗ್ಗುವುದು ನಿಜ. ಆದರೆ ಸಾಮಾನ್ಯವಾಗಿ ಅದು ಐದನೆಯ ಒಂದು ಭಾಗದಷ್ಟು ಕುಗ್ಗಬೇಕಾದರೆ ನೂರಾರು ಬಾರಿ ಪೂರ್ತಿ ಖಾಲಿಯಾಗಿ ತುಂಬಿರಬೇಕು. ಹನ್ನೆರಡು ದಿನಕ್ಕೊಮ್ಮೆ ಚಾರ್ಜ್ ಮಾಡುತ್ತಿದ್ದ ನೀವು ಹದಿನಾಲ್ಕು ತಿಂಗಳಲ್ಲಿ ಅದನ್ನು ತುಂಬಿಸಿರುವುದು ಹೆಚ್ಚೆಂದರೆ 35 ಬಾರಿ. ಅಷ್ಟಕ್ಕೇ ಬ್ಯಾಟರಿ ಸವೆದುಹೋಗುವುದಿಲ್ಲ. ಅಲ್ಲದೆ ಸವೆತವೆಂಬುದು ಹನ್ನೆರಡು ದಿನ ಹನ್ನೊಂದಾಗಿ, ಹನ್ನೊಂದು ಹತ್ತಾಗಿ ನಿಧಾನವಾಗಿ ಕಾಣಿಸಿಕೊಳ್ಳುತ್ತದೆಯೇ ಹೊರತು ಒಂದೇ ವಾರದಲ್ಲಿ ಎರಡು ದಿನಕ್ಕೆ ಬಂದು ನಿಲ್ಲುವುದು ಅಪರೂಪ. ಆದ್ದರಿಂದ ಬ್ಯಾಟರಿಗಿಂತ ಮೊದಲು ಅದರಿಂದ ವಿದ್ಯುತ್ತನ್ನು ಹೀರುತ್ತಿರುವುದು ಯಾವುದು ಎಂದು ಹುಡುಕಬೇಕು.

ಹುಡುಕುವ ಕ್ರಮ ಸರಳ, ಆದರೆ ತಾಳ್ಮೆ ಬೇಕು. ಕಂಡ ಸೆಟ್ಟಿಂಗ್‌ಗಳನ್ನೆಲ್ಲ ಒಮ್ಮೆಲೇ ಆಫ್ ಮಾಡಿದರೆ ಚಾರ್ಜ್ ಉಳಿಯುತ್ತದೆ ನಿಜ, ತಪ್ಪು ಎಲ್ಲಿತ್ತೆಂಬುದು ಮಾತ್ರ ಎಂದಿಗೂ ತಿಳಿಯುವುದಿಲ್ಲ. ಬ್ಯಾಂಡ್ 80 ಪ್ರತಿಶತದ ಆಸುಪಾಸಿನಲ್ಲಿರುವಾಗ, ರಾತ್ರಿ ಹತ್ತಕ್ಕೆ ಎಷ್ಟಿತ್ತು, ಬೆಳಿಗ್ಗೆ ಆರಕ್ಕೆ ಎಷ್ಟಿದೆ ಎಂದು ಒಂದು ಹಾಳೆಯಲ್ಲಿ ಬರೆದಿಡಿ. (ಕೊನೆಯ 20 ಪ್ರತಿಶತದಲ್ಲಿ ಈ ಪರೀಕ್ಷೆ ಬೇಡ, ಅಲ್ಲಿ ಬ್ಯಾಂಡ್ ತೋರಿಸುವ ಅಂಕಿ ಅಷ್ಟು ನಂಬಿಕಸ್ಥವಲ್ಲ.) ಹನ್ನೆರಡು ದಿನದ ಲೆಕ್ಕದಲ್ಲಿ ನಿಮ್ಮ ಬ್ಯಾಂಡ್ ದಿನಕ್ಕೆ ಸುಮಾರು 8 ಪ್ರತಿಶತ, ಅಂದರೆ ಒಂದು ರಾತ್ರಿಗೆ ಮೂರರಷ್ಟು ಬಳಸಬೇಕು. ಈಗಿನ ಲೆಕ್ಕದಲ್ಲಿ ದಿನಕ್ಕೆ 50 ಹೋಗುತ್ತಿದೆ. ನಿದ್ದೆಯಲ್ಲಿ ಪರದೆ ಹೊತ್ತುವುದಿಲ್ಲ, ಸಂದೇಶಗಳೂ ಕಡಿಮೆ. ಹಾಗಿದ್ದೂ ರಾತ್ರಿಯೊಂದರಲ್ಲೇ ಹದಿನೈದರಷ್ಟು ಇಳಿದರೆ ಪರದೆಯನ್ನು ಆರೋಪದಿಂದ ಬಿಡುಗಡೆ ಮಾಡಬಹುದು. ಬದಲಿಗೆ ರಾತ್ರಿ ಎರಡು ಮೂರು ಇಳಿದು ಹಗಲಿನಲ್ಲಿ ನಲವತ್ತು ಹೋಗುತ್ತಿದ್ದರೆ, ಕೈ ಎತ್ತಿದಾಗಲೆಲ್ಲ ಪರದೆ ಬೆಳಗುವ ಸೌಲಭ್ಯ, ಸದಾ ಉರಿಯುವ ಪರದೆ ಮತ್ತು ವಾಟ್ಸ್ಆ್ಯಪ್ ಗುಂಪುಗಳ ಪ್ರತಿ ಸಂದೇಶಕ್ಕೂ ನಡುಗುವ ಪುಟ್ಟ ಮೋಟಾರು, ಇವುಗಳ ಕಡೆ ನೋಡಿ. ನಡಿಗೆ ಮುಗಿದ ಮೇಲೆ ವ್ಯಾಯಾಮದ ದಾಖಲೆಯನ್ನು ನಿಲ್ಲಿಸಲು ಮರೆಯುವುದೂ ಉಂಟು. ಬ್ಯಾಂಡಿನಲ್ಲೇ ಜಿಪಿಎಸ್ ಇದ್ದರಂತೂ ಈ ಮರೆವು ಅರ್ಧ ದಿನದೊಳಗೆ ಚಾರ್ಜ್ ಮುಗಿಸಿಬಿಡುತ್ತದೆ.

ನಿಮ್ಮ ಪತ್ರದ ವಿವರ ನೋಡಿದರೆ ಕಳ್ಳ ರಾತ್ರಿಯ ಪಾಳಿಯವನೆಂದೇ ನನ್ನ ಅನುಮಾನ. ಹಾಗಾಗಿ ಎರಡನೆಯ ರಾತ್ರಿ ಬ್ಯಾಂಡನ್ನು ಕೈಯಿಂದ ಬಿಚ್ಚಿ, ಹಿಂಬದಿಯ ಸೆನ್ಸರ್ ಮೇಲ್ಮುಖವಾಗಿರುವಂತೆ ಮೇಜಿನ ಮೇಲಿಡಿ. ಬಟ್ಟೆಯ ಮೇಲೆ ಸೆನ್ಸರ್ ಕೆಳಮುಖವಾಗಿ ಇಟ್ಟರೆ ಕೆಲವು ಬ್ಯಾಂಡುಗಳು ಹಾಸಿಗೆಗೂ ನಾಡಿಬಡಿತವಿದೆಯೆಂದು ಭ್ರಮಿಸಿ ಅಳೆಯುತ್ತಲೇ ಇರುತ್ತವೆ!

ಕೈಯಲ್ಲಿ ಇಲ್ಲದಾಗ ಚಾರ್ಜ್ ಉಳಿದರೆ ತಪ್ಪು ಸೆನ್ಸರಿನ ಕೆಲಸದಲ್ಲಿದೆ. ಬ್ಯಾಂಡಿನ ಅಡಿಯಲ್ಲಿ ಮಿನುಗುವ ಹಸಿರು ದೀಪವನ್ನು ನೀವು ಗಮನಿಸಿರಬಹುದು. ರಕ್ತವು ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಪ್ರತಿ ಬಡಿತದೊಂದಿಗೆ ಚರ್ಮದಡಿಯ ರಕ್ತದ ಪ್ರಮಾಣ ಏರಿಳಿದಂತೆ ಮರಳಿ ಬರುವ ಬೆಳಕೂ ಏರಿಳಿಯುತ್ತದೆ, ಆ ಏರಿಳಿತವನ್ನು ಎಣಿಸಿ ಬ್ಯಾಂಡ್ ಹೃದಯ ಬಡಿತವನ್ನು ಹೇಳುತ್ತದೆ. ರಕ್ತದ ಆಮ್ಲಜನಕವನ್ನು ಅಳೆಯಲು ಕೆಂಪು ಮತ್ತು ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಬೆಳಕು ಬೇಕು. ಈ ದೀಪಗಳನ್ನು ಹತ್ತು ನಿಮಿಷಕ್ಕೊಮ್ಮೆ ಉರಿಸುವುದಕ್ಕೂ ಎಡೆಬಿಡದೆ ಉರಿಸುವುದಕ್ಕೂ ಇರುವ ವ್ಯತ್ಯಾಸವೇ ನಿಮ್ಮ ಹನ್ನೆರಡಕ್ಕೂ ಎರಡಕ್ಕೂ ಇರುವ ವ್ಯತ್ಯಾಸವಾಗಿರಬಹುದು, ಏಕೆಂದರೆ ಫೋನಿನ ಬ್ಯಾಟರಿ ಈಗ ಸಾಮಾನ್ಯವಾಗಿ 5000 ಎಂಎಎಚ್ (ಬ್ಯಾಟರಿ ಹಿಡಿದಿಡುವ ಚಾರ್ಜಿನ ಅಳತೆ) ಇದ್ದರೆ ಇಂಥ ಬ್ಯಾಂಡುಗಳದು ನೂರು ಇನ್ನೂರರ ಆಸುಪಾಸು. ಅಪ್‌ಡೇಟ್ ಆದಾಗ ಅಥವಾ ಹೊಸ ಫೋನಿನಲ್ಲಿ ಆ್ಯಪ್ ಅನ್ನು ಮೊದಲಿನಿಂದ ಹೊಂದಿಸಿದಾಗ ಹಳೆಯ ಆಯ್ಕೆಗಳು ಅಳಿಸಿಹೋಗಿ, ನಿರಂತರ ಹೃದಯ ಬಡಿತ, ರಾತ್ರಿಯಿಡೀ ಆಮ್ಲಜನಕ, ಒತ್ತಡದ ಮಾಪನ ಮುಂತಾದವು ತಾವಾಗಿಯೇ ಆನ್ ಆಗಿರುವ ಸಾಧ್ಯತೆಯಿದೆ. ಹೃದಯ ಬಡಿತದ ಅಂತರವನ್ನು ಹತ್ತು ನಿಮಿಷಕ್ಕೆ ಇಡಿ. ರಾತ್ರಿಯ ಆಮ್ಲಜನಕ ಮಾಪನವನ್ನು ನಿಲ್ಲಿಸಿ. ಅದರ ಮೇಲೆ ನಿಗಾ ಇಡಬೇಕೆಂದು ವೈದ್ಯರು ಹೇಳಿದ್ದರೆ ಅದಕ್ಕೆ ವೈದ್ಯಕೀಯ ಉಪಕರಣವನ್ನೇ ಬಳಸಬೇಕೇ ಹೊರತು ಈ ಬ್ಯಾಂಡನ್ನಲ್ಲ. ಪಟ್ಟಿಯನ್ನು ತೀರ ಸಡಿಲವಾಗಿ ಕಟ್ಟಿಕೊಳ್ಳುವ ಅಭ್ಯಾಸವಿದ್ದರೆ ಅದನ್ನೂ ಬಿಡಿ, ಮರಳಿ ಬರುವ ಬೆಳಕು ಮಸುಕಾದಾಗ ಅನೇಕ ಬ್ಯಾಂಡುಗಳು ದೀಪವನ್ನು ಇನ್ನಷ್ಟು ಪ್ರಖರಗೊಳಿಸುತ್ತವೆ.

ಮೇಜಿನ ಮೇಲಿಟ್ಟಾಗಲೂ ಚಾರ್ಜ್ ಅಷ್ಟೇ ವೇಗವಾಗಿ ಇಳಿದರೆ ಅನುಮಾನ ಬ್ಲೂಟೂತ್ ಕಡೆಗೆ ತಿರುಗುತ್ತದೆ. ಸಂಪರ್ಕದಲ್ಲಿ ಸುಮ್ಮನಿರುವ ಬ್ಲೂಟೂತಿಗೆ ಹೆಚ್ಚು ವಿದ್ಯುತ್ ಬೇಕಿಲ್ಲ. ಪದೇ ಪದೇ ಕಡಿದುಹೋಗಿ ಮತ್ತೆ ಕೂಡುವುದೇ ದುಬಾರಿ. ಅನೇಕ ಆಂಡ್ರಾಯ್ಡ್ ಫೋನುಗಳು ತಮ್ಮ ಬ್ಯಾಟರಿ ಉಳಿಸಲೆಂದು ಹಿನ್ನೆಲೆಯಲ್ಲಿರುವ ಆ್ಯಪ್‌ಗಳನ್ನು ನಿಲ್ಲಿಸುತ್ತವೆ, ಆಗ ಬ್ಯಾಂಡಿನ ಸಂಪರ್ಕ ಹೀಗೆ ತಪ್ಪುತ್ತಿರುತ್ತದೆ. ಹೊಸ ಫೋನಿನ ಬ್ಯಾಟರಿ ಸೆಟ್ಟಿಂಗ್ಸ್‌ನಲ್ಲಿ ಬ್ಯಾಂಡಿನ ಆ್ಯಪ್‌ಗೆ ನಿರ್ಬಂಧ ತೆಗೆಯಿರಿ. ಹಳೆಯ ಫೋನ್ ಈಗ ಎಲ್ಲಿದೆ ಎಂದು ನೀವು ಬರೆದಿಲ್ಲ. ಅದು ಮನೆಯಲ್ಲೇ ಯಾರಾದರೂ ಬಳಸುತ್ತಿದ್ದು, ಬ್ಯಾಂಡಿನ ಆ್ಯಪ್ ಅದರಲ್ಲಿ ಹಾಗೇ ಉಳಿದಿದ್ದರೆ, ಎರಡು ಫೋನುಗಳು ಒಂದೇ ಬ್ಯಾಂಡನ್ನು ಎಳೆದಾಡುತ್ತಿರಬಹುದು. ಅಲ್ಲಿಂದ ಆ್ಯಪ್ ಅನ್ನೂ ಬ್ಲೂಟೂತ್ ಪಟ್ಟಿಯಲ್ಲಿರುವ ಬ್ಯಾಂಡಿನ ಹೆಸರನ್ನೂ ತೆಗೆದುಹಾಕಿ, ಬ್ಯಾಂಡನ್ನು ರೀಸ್ಟಾರ್ಟ್ ಮಾಡಿ. ಇದಾವುದೂ ಫಲಿಸದಿದ್ದರೆ ಮಾಹಿತಿಯನ್ನೆಲ್ಲ ಆ್ಯಪ್‌ಗೆ ಸಿಂಕ್ ಮಾಡಿಕೊಂಡು ಫ್ಯಾಕ್ಟರಿ ರೀಸೆಟ್ ಮಾಡಿ, ಅಂದರೆ ಬ್ಯಾಂಡನ್ನು ಕೊಂಡಾಗಿನ ಸ್ಥಿತಿಗೆ ಮರಳಿಸಿ. ಅದಾದ ಮೇಲೂ, ಎಲ್ಲ ಮಾಪನಗಳನ್ನು ನಿಲ್ಲಿಸಿದ ಸ್ಥಿತಿಯಲ್ಲೂ ಎರಡೇ ದಿನ ಬಂದರೆ, ಅಂಗಡಿಯವರ ಮಾತನ್ನು ಒಪ್ಪಬಹುದು.

ಪ್ರಶ್ನೆ: ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲಿಟ್ಟು ಬ್ಯಾಂಡ್ ಚಾರ್ಜ್ ಮಾಡುತ್ತಿದ್ದೆ. ಈಗ ಚಾರ್ಜ್ ನಿಲ್ಲುತ್ತಿಲ್ಲ, ಗಾಜು ಒಂದು ಬದಿಯಲ್ಲಿ ಸ್ವಲ್ಪ ಮೇಲೆದ್ದಂತಿದೆ. ಅಂಟು ಹಾಕಿ ಒತ್ತಬಹುದೇ?
— ಓದುಗರೊಬ್ಬರು, ರಾಯಚೂರು

ಉತ್ತರ: ಖಂಡಿತ ಒತ್ತಬೇಡಿ. ಗಾಜು ಮೇಲೆದ್ದಿರುವುದು ಒಳಗಿನ ಬ್ಯಾಟರಿ ಉಬ್ಬಿರುವುದರ ಲಕ್ಷಣ. ಅದನ್ನು ಒತ್ತಿದರೆ ಅಥವಾ ಚುಚ್ಚಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಇಂಥ ಬ್ಯಾಟರಿಗಳನ್ನು ಸಾಮಾನ್ಯವಾಗಿ 45 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖದಲ್ಲಿ ಚಾರ್ಜ್ ಮಾಡಬಾರದು, ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಈ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಇಂದೇ ಬಳಕೆ ಮತ್ತು ಚಾರ್ಜಿಂಗ್ ಎರಡನ್ನೂ ನಿಲ್ಲಿಸಿ, ಬ್ಯಾಂಡನ್ನು ಹೊತ್ತಿಕೊಳ್ಳುವ ವಸ್ತುಗಳಿಂದ ದೂರವಿಡಿ. ವಾರಂಟಿ ಉಳಿದಿದ್ದರೆ ಸರ್ವಿಸ್ ಸೆಂಟರಿಗೆ, ಇಲ್ಲವಾದರೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ; ಮನೆಯ ಕಸದೊಂದಿಗೆ ಹಾಕಬೇಡಿ.

ಪ್ರಶ್ನೆ: ಪವರ್ ಬ್ಯಾಂಕಿಗೆ ಹಾಕಿದರೆ ನನ್ನ ಬ್ಯಾಂಡ್ ಅರೆಬರೆ ಚಾರ್ಜ್ ಆಗಿ ನಿಂತುಬಿಡುತ್ತದೆ. ಬ್ಯಾಂಡಿನದೇ ದೋಷವೇ?
— ವಿದ್ಯಾರ್ಥಿನಿ, ಮೈಸೂರು

ಉತ್ತರ: ಬಹುಶಃ ಅಲ್ಲ. ಬ್ಯಾಂಡ್ ಎಳೆದುಕೊಳ್ಳುವ ವಿದ್ಯುತ್ ಎಷ್ಟು ಕಡಿಮೆಯೆಂದರೆ, ಏನೂ ಜೋಡಿಸಿಲ್ಲವೆಂದು ಭಾವಿಸಿ ಹಲವು ಪವರ್ ಬ್ಯಾಂಕ್‌ಗಳು ತಾವೇ ಆಫ್ ಆಗುತ್ತವೆ. ಲ್ಯಾಪ್‌ಟಾಪಿನ ಯುಎಸ್‌ಬಿ ಕಿಂಡಿಗೆ ಅಥವಾ ಸಾಧಾರಣ 5 ವೋಲ್ಟ್ ಅಡಾಪ್ಟರಿಗೆ ಹಾಕಿ ನೋಡಿ. ಅಲ್ಲಿಯೂ ಹಾಗೇ ಆದರೆ ಬ್ಯಾಂಡಿನ ಹಿಂಬದಿಯ ಚಾರ್ಜಿಂಗ್ ಬಿಂದುಗಳ ಮೇಲೆ ಬೆವರಿನ ಉಪ್ಪು ಕಟ್ಟಿರಬಹುದು; ಮೃದುವಾದ ಬಟ್ಟೆಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಒರೆಸಿ, ಪೂರ್ತಿ ಒಣಗಿದ ಮೇಲೆ ಮತ್ತೆ ಚಾರ್ಜಿಗೆ ಹಾಕಿ.