ಕೋರಿಕೆ ಅವರದು, ಸಹಿ ಯಾರದು?

ಶಿವಮೊಗ್ಗದ ಓದುಗರೊಬ್ಬರ ಪತ್ರ: “ಮೆಗಾಅಪ್‌ಲೋಡ್ ಎಂಬ ಕಡತ ಹಂಚಿಕೆ ಜಾಲತಾಣದ ಸ್ಥಾಪಕ ಕಿಮ್ ಡಾಟ್‌ಕಾಮ್ ಪ್ರಕರಣದ ಬಗ್ಗೆ ಓದಿದೆ. ಅಮೆರಿಕದವರು ಕೇಳಿದರೆಂದು ನ್ಯೂಜಿಲೆಂಡ್ ಪೊಲೀಸರು ಒಬ್ಬರ ಮನೆಗೆ ನುಗ್ಗಬಹುದೇ? ವಾರಂಟಿನಲ್ಲಿ ದೋಷವಿದೆ ಎಂದ ನ್ಯಾಯಾಲಯವೇ ಅದನ್ನು ಎತ್ತಿಹಿಡಿಯುವುದು ಯಾವ ನ್ಯಾಯ? ನಮ್ಮಲ್ಲಿ ಹೀಗಾದರೆ ಏನು ಗತಿ?”

ಸಂಪಾದಕರ ಉತ್ತರ:

ಕೇಳಿದ ಮಾತ್ರಕ್ಕೆ ನುಗ್ಗುವಂತಿಲ್ಲ. ಎಷ್ಟೇ ಬಲಾಢ್ಯ ದೇಶದಿಂದ ಬಂದಿರಲಿ, ಕೋರಿಕೆ ಪತ್ರ ಬರೀ ಕೋರಿಕೆಯೇ. ನ್ಯೂಜಿಲೆಂಡಿನಲ್ಲಿ 1992ರ ಪರಸ್ಪರ ನೆರವಿನ ಕಾಯ್ದೆಯ ಪ್ರಕಾರ, ವಾರಂಟಿಗೆ ಅರ್ಜಿ ಹಾಕಲು ಪೊಲೀಸರಿಗೆ ಮೊದಲು ಅಟಾರ್ನಿ ಜನರಲ್ ಅನುಮತಿ ಬೇಕು. ಆಮೇಲೆ ಸ್ಥಳೀಯ ಜಿಲ್ಲಾ ನ್ಯಾಯಾಧೀಶರಿಗೆ ಎರಡು ವಿಷಯ ಮನವರಿಕೆಯಾಗಬೇಕು. ಆರೋಪಿಸಿದ ಅಪರಾಧಕ್ಕೆ ಆ ವಿದೇಶದ ಕಾನೂನಿನಲ್ಲಿ 2 ವರ್ಷ ಅಥವಾ ಹೆಚ್ಚಿನ ಸೆರೆವಾಸ ಇರಬೇಕು. ಅದಕ್ಕೆ ಸಂಬಂಧಿಸಿದ ವಸ್ತು ಶೋಧಿಸಬೇಕಾದ ಜಾಗದಲ್ಲೇ ಇದೆ ಎಂದು ನಂಬಲು ಸಕಾರಣ ಬೇಕು. ಆರೋಪಿ ತಪ್ಪಿತಸ್ಥನೇ ಎಂಬುದನ್ನು ಅಲ್ಲಿ ಯಾರೂ ತೀರ್ಮಾನಿಸುವುದಿಲ್ಲ.

2012ರ ಜನವರಿಯಲ್ಲಿ ಆಕ್ಲೆಂಡ್ ಬಳಿಯ ಕೋಟ್ಸ್‌ವಿಲ್‌ನ ಡಾಟ್‌ಕಾಮ್ ಬಂಗಲೆಗೆ ಪೊಲೀಸರು ಹೆಲಿಕಾಪ್ಟರಿನಲ್ಲಿ ಬಂದಿಳಿದಾಗ ಈ ಎರಡೂ ಹಂತ ಮುಗಿದಿದ್ದವು. ಎಡವಟ್ಟಾದದ್ದು ವಾರಂಟಿನ ಬರವಣಿಗೆಯಲ್ಲಿ. ಅಪರಾಧ ಹಕ್ಕುಸ್ವಾಮ್ಯ ಉಲ್ಲಂಘನೆ ಎಂದಿತ್ತು. ಯಾವ ದೇಶದ ಕಾನೂನು ಎಂದಿರಲಿಲ್ಲ. ಜಪ್ತಿ ಮಾಡಬೇಕಾದ ಸಾಧನಗಳ ವಿವರಣೆಯಂತೂ ಎಷ್ಟು ವಿಶಾಲವೆಂದರೆ, ಪ್ರಕರಣಕ್ಕೆ ಸಂಬಂಧವೇ ಇಲ್ಲದ ಖಾಸಗಿ ದಾಖಲೆಗಳೂ ಬಲೆಗೆ ಬಿದ್ದವು. ಅದೇ ವರ್ಷದ ಜೂನ್‌ನಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ ವಿಂಕಲ್‌ಮನ್ ಈ ವಾರಂಟುಗಳು ಅಸಿಂಧು ಎಂದರು. 2014ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿತು, ಸುಪ್ರೀಂ ಕೋರ್ಟಿನ ಬಹುಮತವೂ ಅದಕ್ಕೇ ನಿಂತಿತು. ಅವರ ವಾದ ತೀರ ಪೊಳ್ಳಲ್ಲ. ಲೋಪಗಳಿದ್ದರೂ ಅಪರಾಧ ಯಾವುದೆಂದು ಓದಿದವರಿಗೆ ತಿಳಿಯುವಂತಿತ್ತು, ಕಂಪ್ಯೂಟರಿನ ಕಡತಗಳನ್ನು ನಡುಮನೆಯಲ್ಲೇ ಕುಳಿತು ವಿಂಗಡಿಸಲಾಗದು, ಲೋಪದಿಂದ ಅನ್ಯಾಯವೇನೂ ಆಗಿಲ್ಲ ಎಂಬುದು ಅದರ ಸಾರ. ಮುಖ್ಯ ನ್ಯಾಯಮೂರ್ತಿ ಸಿಯಾನ್ ಎಲಿಯಾಸ್ ಒಬ್ಬರೇ ಒಪ್ಪಲಿಲ್ಲ. ನಾನು ಅವರ ಪಕ್ಷ. ಮನೆಯೊಳಗೆ ಕಾಲಿಡುವವರಿಗೆ ಏನನ್ನು ಮುಟ್ಟಬಾರದು ಎಂದು ಹೇಳದ ಕಾಗದವನ್ನು ‘ಸಣ್ಣ ಲೋಪ’ ಎನ್ನಲು ನನಗೆ ನಾಲಿಗೆ ಬಾರದು.

ಆದರೆ ಈ ಗದ್ದಲದಲ್ಲಿ ಹೆಚ್ಚಿನವರು ಗಮನಿಸದ ಇನ್ನೊಂದು ಸಂಗತಿಯಿದೆ. ಜಪ್ತಿಯಾದ ಡಿಸ್ಕುಗಳ ನಕಲುಗಳನ್ನು ಎಫ್‌ಬಿಐ ಅಮೆರಿಕಕ್ಕೆ ಸಾಗಿಸಿತ್ತು. ಅದಕ್ಕೆ ಕಾಯ್ದೆ ಬಯಸುವ ನಿರ್ದೇಶನವೇ ಇರಲಿಲ್ಲ. ಇದು ಅಕ್ರಮ ಎಂದು ಹೈಕೋರ್ಟ್ ಹೇಳಿತು. ವಾರಂಟುಗಳನ್ನು ಉಳಿಸಿದ ಮೇಲ್ಮನವಿ ನ್ಯಾಯಾಲಯವೂ ಈ ಮಾತನ್ನು ಮಾತ್ರ ಕದಲಿಸಲಿಲ್ಲ. ವಶಪಡಿಸಿಕೊಳ್ಳುವ ಅಧಿಕಾರದಲ್ಲಿ ಗಡಿ ದಾಟಿಸುವ ಅಧಿಕಾರ ಅಡಗಿಲ್ಲ. ಕೆನಡಾದಲ್ಲಿ ಇದನ್ನು ಕಾನೂನಿನಲ್ಲೇ ಬಿಡಿಸಿ ಬರೆದಿದ್ದಾರೆ: ವಾರಂಟ್ ಜಾರಿಯಾದ ಮೇಲೆ ನ್ಯಾಯಾಧೀಶರ ಮುಂದೆ ಇನ್ನೊಂದು ವಿಚಾರಣೆ, ವಸ್ತು ಕಳೆದುಕೊಂಡವನ ಮಾತಿಗೂ ಅಲ್ಲಿ ಅವಕಾಶ, ಆಮೇಲೆ ಕಳುಹಿಸುವ ಆದೇಶ.

ಇನ್ನು ನಮ್ಮ ಗತಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 113ನೇ ಕಲಂ ವಿದೇಶಿ ಕೋರಿಕೆಗೆ ಮೀಸಲು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 166ಬಿ ಕಲಂನ ಜಾಗದಲ್ಲಿ ಇದು ಬಂದಿದೆ. ಪತ್ರ ಕೇಂದ್ರ ಸರ್ಕಾರದ ಮೂಲಕವೇ ಬರಬೇಕು. ಸರ್ಕಾರ ಅದನ್ನು ಮ್ಯಾಜಿಸ್ಟ್ರೇಟರಿಗೆ ಕಳುಹಿಸಬಹುದು ಅಥವಾ ಪೊಲೀಸ್ ಅಧಿಕಾರಿಗೆ ಒಪ್ಪಿಸಬಹುದು. ಆ ಅಧಿಕಾರಿ ಅಪರಾಧ ಭಾರತದಲ್ಲೇ ನಡೆದಂತೆ ತನಿಖೆ ಮಾಡುತ್ತಾರೆ. ಈ ಒಂದು ವಾಕ್ಯ ನ್ಯೂಜಿಲೆಂಡಿನ ಮೆಟ್ಟಿಲುಗಳನ್ನೆಲ್ಲ ಹಾರಿಬಿಡುತ್ತದೆ. ನಮ್ಮ ಪೊಲೀಸರಿಗೆ 185ನೇ ಕಲಂ ಅಡಿಯಲ್ಲಿ, ಕಾರಣಗಳನ್ನು ಬರೆದಿಟ್ಟು, ವಾರಂಟ್ ಇಲ್ಲದೆಯೇ ಶೋಧಿಸುವ ಅಧಿಕಾರ ಉಂಟಲ್ಲ! ಸ್ಥಳೀಯ ಪಂಚರು ಇರಬೇಕು, ಶೋಧನೆ ಮತ್ತು ಜಪ್ತಿಯ ವಿಡಿಯೊ ಚಿತ್ರೀಕರಣವಾಗಬೇಕು, ಇವು ಕಡ್ಡಾಯ. ಸಿಕ್ಕ ಸಾಕ್ಷ್ಯ ಕೇಂದ್ರ ಸರ್ಕಾರದ ಮೂಲಕ ಹೊರದೇಶಕ್ಕೆ ಹೋಗುತ್ತದೆ. ಹೋಗುವ ಮುನ್ನ ಮನೆಯವರ ಮಾತು ಕೇಳಬೇಕೆಂದು ಆ ಕಲಂ ಎಲ್ಲಿಯೂ ಹೇಳುವುದಿಲ್ಲ. ಹಾಗಾಗಿ ತಕರಾರು ಇದ್ದವರು ಜಪ್ತಿಯ ಪಟ್ಟಿಯ ನಕಲು ಪಡೆದು, ವಸ್ತು ದೇಶ ಬಿಡುವ ಮೊದಲೇ ವಕೀಲರ ಮೂಲಕ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬೇಕು.