ಜಾತ್ರೆಯಲ್ಲಿ ಸಿಕ್ಕ ಕೂಸೇನು ನಾನು?

ಪ್ರಶ್ನೆ: ನನ್ನ ಮಗಳು ಐದನೇ ಕ್ಲಾಸು. ನಮ್ಮ ತಮ್ಮ ಅವಳಿಗೆ ‘ದಿ ಮೂರ್‌ಚೈಲ್ಡ್’ ಅನ್ನೋ ಇಂಗ್ಲಿಷ್ ಕಾದಂಬರಿ ತಂದುಕೊಟ್ಟಿದ್ದಾನೆ. ಮಾಯಾವಿ ಜನ ಮನುಷ್ಯರ ಕೂಸನ್ನು ಕದ್ದು, ಅದೇ ತೊಟ್ಟಿಲಲ್ಲಿ ತಮ್ಮ ಕೂಸನ್ನು ಮಲಗಿಸಿ ಹೋಗುವ ಕಥೆಯಂತೆ. ಅರ್ಧ ಓದಿದವಳೇ “ಅವ್ವಾ, ನಾ ಖರೇನ ನಿನ್ನ ಮಗಳೇನು?” ಅಂತ ಕೇಳಿದಳು. ನಮ್ಮತ್ತೆ ಬೇರೆ ಮೊದಲಿಂದಲೂ ಚ್ಯಾಷ್ಟಿಗೆ “ನಿನ್ನ ಸಿದ್ಧಾರೂಢರ ಜಾತ್ರ್ಯಾಗ ಎರಡು ಸೇರು ಜ್ವಾಳಾ ಕೊಟ್ಟು ತಂದೇವಿ” ಅನ್ನುತ್ತಿರುತ್ತಾರೆ. ಪುಸ್ತಕ ತೆಗೆದಿಡಲೇ?
– ಒಬ್ಬ ತಾಯಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ತೆಗೆದಿಡಬೇಡಿ ಅಕ್ಕಾರ. ಪುಸ್ತಕ ಬಚ್ಚಿಟ್ಟರೆ ಅವಳ ಅನುಮಾನ ಖಾತ್ರಿಯಾಗುತ್ತದೆ, ಅಷ್ಟೇ.

ಎಲಾಯಿಸ್ ಮೆಕ್‌ಗ್ರಾ ಅನ್ನೋ ಅಮೆರಿಕದ ಲೇಖಕಿಯ ಈ ಪುಸ್ತಕ ಬಂದದ್ದು 1996ರಲ್ಲಿ. ಆಗ ಅವರಿಗೆ ಎಂಬತ್ತರ ಆಸುಪಾಸು. ಮರುವರ್ಷ, ಅಲ್ಲಿ ಮಕ್ಕಳ ಪುಸ್ತಕಗಳಿಗೆ ಕೊಡುವ ನ್ಯೂಬೆರಿ ಆನರ್ ಮನ್ನಣೆಯೂ ಸಿಕ್ಕಿತು. ಕಥೆಯ ಹುಡುಗಿ ಸಾಸ್ಕಿ ಅರ್ಧ ಮನುಷ್ಯಳು, ಅರ್ಧ ಮಾಯಾವಿ. ಮಾಯಾವಿ ಜನರ ಹಾಗೆ ಕಣ್ಣಿಗೆ ಕಾಣದಂತೆ ಮಾಯವಾಗಲು ಬರೋದಿಲ್ಲ, ಅದಕ್ಕೇ ಅವಳನ್ನು ಹೊರಗೆ ಹಾಕುತ್ತಾರೆ. ಹೋಗಿ ಸೇರುವುದು ಎಲ್ಲಿಗೆ? ಕಮ್ಮಾರನ ಮನೆಗೆ! ಅಪ್ಪ ದಿನವಿಡೀ ಕುಲುಮೆಯಲ್ಲಿ ಕಬ್ಬಿಣ ಬಡಿಯುವವನು, ಮಾಯಾವಿ ರಕ್ತದ ಮಗಳಿಗೆ ಕಬ್ಬಿಣ ಅಂದರೇ ಆಗದು. ಮನೆಯವರ ಪ್ರೀತಿಗೇನೂ ಕಡಿಮೆಯಿಲ್ಲ, ಆದರೂ ಆ ಮನೆಯಲ್ಲಿ ಅವಳಿಗೆ ಹೊಂದಿಕೆ ಆಗುವುದಿಲ್ಲ, ಊರ ಮಕ್ಕಳಂತೂ ಹತ್ತಿರಕ್ಕೇ ಸೇರಿಸುವುದಿಲ್ಲ.

ಈ ನಂಬಿಕೆ ಬರೀ ಪುಸ್ತಕದ್ದಲ್ಲ. ಕೂಸು ಬದಲಾಗದಿರಲಿ ಅಂತ ಯುರೋಪಿನ ಹಳ್ಳಿಗಳಲ್ಲಿ ತೊಟ್ಟಿಲ ಹತ್ತಿರ ಕಬ್ಬಿಣದ ಕತ್ತರಿ ಇಡುತ್ತಿದ್ದರು. ನಮ್ಮ ಕಡೆಯೂ ಬಾಣಂತಿ ಕೋಣೆಯಲ್ಲಿ ಕೂಸಿನ ತಲೆದೆಸೆಗೆ ಕುಡಗೋಲು ಇಡುತ್ತಾರಲ್ವಾ? ಆದರೆ ಅಲ್ಲಿ ಇದಕ್ಕೊಂದು ಕೆಟ್ಟ ಮುಖವೂ ಇತ್ತು. ಮಾತು ತಡವಾದ, ಬೆಳವಣಿಗೆ ಕುಂಠಿತವಾದ ಮಕ್ಕಳನ್ನು ಬದಲಿ ಕೂಸು ಅಂದುಕೊಂಡು, ಹಿಂಸೆ ಕೊಟ್ಟರೆ ತಮ್ಮ ಮಗು ವಾಪಸ್ ಬರುತ್ತದೆ ಅಂತ ನಂಬಿದವರಿದ್ದರು. ಇದು ನಿಮಗೆ ಮಾತ್ರ, ಮಗಳಿಗೆ ಈಗಲೇ ಬೇಡ.

ನಿಜ ಹೇಳಬೇಕೆಂದರೆ ನಿಲ್ಲಬೇಕಾದ್ದು ಜ್ವಾಳದ ಮಾತು. ನಮ್ಮಲ್ಲಿ ಬಹಳ ಮನೆಗಳಲ್ಲಿ ಇದನ್ನು ಸುಮ್ನೆ ಅನ್ನುತ್ತಾರೆ, ಮಕ್ಕಳೂ ನಗುತ್ತವೆ. ಆದರೆ ಹತ್ತು ವರ್ಷದ ಹುಡುಗಿ ಇಂಥ ಕಥೆ ಓದುತ್ತಿರುವಾಗ ಅದು ಚ್ಯಾಷ್ಟಿಯಾಗಿ ಕೇಳಿಸುವುದಿಲ್ಲ. ಅತ್ತೆಯವರನ್ನು ಬೈಯಲು ಹೋಗಬೇಡಿ ಮತ್ತೆ! ಅವಳು ಹುಟ್ಟಿದ ದಿನದ ಸುದ್ದಿಯನ್ನು ಅವರ ಬಾಯಿಂದಲೇ ಹೇಳಿಸಿ. ದವಾಖಾನೆಗೆ ಯಾರು ಯಾರು ಬಂದಿದ್ದರು, ಮೊದಲು ಎತ್ತಿಕೊಂಡವರು ಯಾರು, ಹೆಸರಿಗೆ ಎಷ್ಟು ಜಗಳ ಆಯಿತು, ಎಲ್ಲ. ಕುಡಗೋಲು ಇಟ್ಟಿದ್ದರೆ ಅದನ್ನೂ.

ಒಂದು ಎಚ್ಚರಿಕೆ. ಸಾಸ್ಕಿ ಕೊನೆಗೆ ಆ ಮನೆಯಲ್ಲಿ ಉಳಿಯುವುದಿಲ್ಲ. ಕದ್ದೊಯ್ದ ಮಗುವನ್ನು ಅಪ್ಪ ಅಮ್ಮನಿಗೆ ತಂದೊಪ್ಪಿಸಿ, ಮೇಕೆ ಕಾಯುವ ಗೆಳೆಯನ ಜೊತೆ ತನ್ನ ದಾರಿ ಹಿಡಿಯುತ್ತಾಳೆ. ನನಗೆ ಈ ಕೊನೆ ಬಹಳ ಇಷ್ಟ, ಆದರೆ ನಿಮ್ಮ ಮಗಳಿಗೆ ಅಳು ಬರಬಹುದು. ಕೊನೆಯ ಅಧ್ಯಾಯಗಳನ್ನು ಪಕ್ಕದಲ್ಲಿ ಕೂತು ಜೊತೆಗೇ ಓದಿ. ನಾನು ಕೊನೆ ಹೇಳಿಬಿಟ್ಟದ್ದನ್ನು ಮಾತ್ರ ಅವಳಿಗೆ ಹೇಳಬೇಡಿ.