ಗಿಟಾರ್ ಆಂಪ್‌ನಲ್ಲಿ ಗುಂಯ್ ಎನ್ನುವ ಸದ್ದು, ಕರಕರ ಸದ್ದು: ಎಲ್ಲಿಂದ ಹುಡುಕಬೇಕು?

ಕಾರವಾರದ ಮನೆಯಲ್ಲಿ ಆಂಪ್ಲಿಫೈಯರ್ ಒಂದೇ ಸಮನೆ ಗುಂಯ್ ಎನ್ನುತ್ತದೆ, ವಾಲ್ಯೂಮ್ ತಿರುಗಿಸಿದರೆ ಕರಕರ ಎನ್ನುತ್ತದೆ ಎಂದು ಕೇಳಿದ್ದೀರಿ. ಇವು ಎರಡು ಬೇರೆ ಬೇರೆ ದೋಷಗಳಾಗಿರುವ ಸಾಧ್ಯತೆಯೇ ಹೆಚ್ಚು.

ಮೊದಲು ಗಿಟಾರಿನ ಕೇಬಲನ್ನು ಆಂಪ್‌ನಿಂದ ಪೂರ್ತಿಯಾಗಿ ತೆಗೆದು ಕೇಳಿ. ಗುಂಯ್ ಸದ್ದು ನಿಂತರೆ ದೋಷವು ಕೇಬಲ್, ಪೆಡಲ್ ಅಥವಾ ಗಿಟಾರಿನ ಕಡೆಗಿದೆ. ಗಿಟಾರ್ ಹಿಡಿದು ನಿಂತಲ್ಲೇ ತಿರುಗಿದಾಗ ಸದ್ದು ಏರಿಳಿದರೆ, ನಿಮ್ಮ ಸಿಂಗಲ್ ಕಾಯಿಲ್ ಪಿಕಪ್ (ತಂತಿಗಳ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ, ಒಂದೇ ಸುರುಳಿಯ ಭಾಗ) ಮನೆಯ ವಯರಿಂಗ್ ಮತ್ತು ಟ್ರಾನ್ಸ್‌ಫಾರ್ಮರ್‌ಗಳಿಂದ ಹೊಮ್ಮುವ 50 ಹರ್ಟ್ಸ್ ಕಾಂತಕ್ಷೇತ್ರವನ್ನು ಹಿಡಿಯುತ್ತಿದೆ ಎಂದರ್ಥ. ಆಂಪ್‌ನಿಂದ ಸ್ವಲ್ಪ ದೂರ ಸರಿದು ನೋಡಿ.

ಕೇಬಲ್ ತೆಗೆದ ಮೇಲೂ ಸದ್ದು ಉಳಿದರೆ, ಸಾಕೆಟ್ಟಿನ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ರಿಂದ ಪರೀಕ್ಷೆ ಮಾಡಿಸಿ. ಸದ್ದು ಕಡಿಮೆಯಾಗುತ್ತದೆಂದು ಅರ್ಥ್ ಪಿನ್ ಮುರಿಯುವವರಿದ್ದಾರೆ. ತಂತಿಗಳ ಮೇಲೆ ಕೈಯಿಟ್ಟು ನುಡಿಸುವವರಿಗೆ ಅದು ಪ್ರಾಣಾಪಾಯ, ದಯವಿಟ್ಟು ಮಾಡಬೇಡಿ. ಹಳೆಯ ಆಂಪ್ ಆಗಿದ್ದರೆ ಒಳಗಿನ ವಿದ್ಯುತ್ ಪೂರೈಕೆಯ ಏರಿಳಿತವನ್ನು ಸಮಗೊಳಿಸುವ ಫಿಲ್ಟರ್ ಕೆಪಾಸಿಟರ್‌ಗಳು ಸೊರಗಿದ್ದರೆ ಅವೂ 100 ಹರ್ಟ್ಸ್ ಗುಂಯ್ ಸದ್ದಿಗೆ ಕಾರಣವಾಗುತ್ತವೆ. ವಾಲ್ವ್ ಆಂಪ್‌ನಲ್ಲಿ (ಗಾಜಿನ ಟ್ಯೂಬ್‌ಗಳಿರುವ ಆಂಪ್) ಪ್ಲಗ್ ತೆಗೆದ ನಂತರವೂ ಅವುಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದಾದ್ದರಿಂದ ಆ ಕೆಲಸವನ್ನು ರಿಪೇರಿಯವರಿಗೇ ಬಿಡಿ.

ಕರಕರ ಸದ್ದಿಗೆ ನಮ್ಮ ಕರಾವಳಿಯ ಉಪ್ಪುಗಾಳಿಯೇ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ. ಟಾರ್ಚ್ ಹಿಡಿದು ಕೇಬಲ್ ಸಿಕ್ಕಿಸುವ ಜ್ಯಾಕಿನ ಒಳಗೆ ನೋಡಿದರೆ, ಹೊಳೆಯಬೇಕಾದ ಲೋಹದ ನಾಲಿಗೆ ಮಂಕಾಗಿ, ಅಂಚಿನಲ್ಲಿ ಹಸಿರು ಕಿಲುಬು ಹಿಡಿದಿರುವುದು ಕಾಣಬಹುದು. ಕರೆಂಟಿನ ಪ್ಲಗ್ ತೆಗೆದ ಆಂಪ್‌ನ ಜ್ಯಾಕಿಗೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಕೇಬಲನ್ನು ಹತ್ತಾರು ಸಲ ಹಾಕಿ ತೆಗೆಯಿರಿ. ವಾಲ್ಯೂಮ್ ಪಾಟ್‌ಗೂ (ವಾಲ್ಯೂಮ್ ಗುಂಡಿಯ ಹಿಂದಿರುವ ಭಾಗ) ಒಳಗಿನಿಂದ ಇದೇ ಕ್ಲೀನರ್ ಸಿಂಪಡಿಸಿ ಗುಂಡಿಯನ್ನು ತಿರುಗಿಸಬೇಕು; ವಾಲ್ವ್ ಆಂಪ್ ಆಗಿದ್ದರೆ ಇದನ್ನೂ ರಿಪೇರಿಯವರಿಗೇ ಬಿಡಿ. ಮಳೆಗಾಲದಲ್ಲಿ ಆಂಪನ್ನು ಕಿಟಕಿಯ ಬಳಿ ಇಡಬೇಡಿ.